ಬಾವಿಯ ಬಳಿಯ ಕಲ್ಲು

ನಮ್ಮ ಮನೆಯ ಹಿತ್ತಿಲಿನ ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲೊಂದು ಇದ್ದಿತು. ಅಜ್ಜಂಪುರದ ಹಳೆಯ ಮನೆಗಳಲ್ಲಿ ಇಂತಹ ಕಲ್ಲಿಲ್ಲದ ಹಿತ್ತಿಲು ಅಪೂರ್ವವಾದುದರಿಂದ, ಇದರಲ್ಲಿ ವಿಶೇಷವೇನೆಂದು ವಾಚಕರು ಕೇಳಬಹುದು. ವಿಶೇಷವು ಕಲ್ಲಿನ ಮೇಲ್ಮೈಯಲ್ಲಿರಲಿಲ್ಲ, ಕೆಳಮೈಯಲ್ಲಿದ್ದಿತು. ನಾವು ಹುಡುಗರಾಗಿದ್ದಾಗ ಅದರ ಅಡಿಗೆ ಕೈ ತೂರಿಸಿದರೆ ಬೆರಳಿಗೆ ಉಬ್ಬುತಗ್ಗುಗಳು ತಾಗುತ್ತಿದ್ದುವು. ನಮ್ಮ ತಂದೆಯವರ ಅಕ್ಕ, ನಮ್ಮ ಸೋದರತ್ತೆ, ಪ್ರತಿದಿನವೂ ಬೆಳಗಿನ ಜಾವದಲ್ಲಿ ಮಡಿಬಟ್ಟೆಯನ್ನು ಒಗೆಯುವುದಕ್ಕೆ ಮೊದಲು ಒಂದು ಚೆಂಬು ನೀರನ್ನು ಆ ಕಲ್ಲಿನ ಮೇಲೆ ಸುರಿದು ಕೈ ಮುಗಿಯುತ್ತಿದ್ದರು. "ಅತ್ತೆ, ಕಲ್ಲಿಗೇಕೆ ನಮಸ್ಕಾರ?" ಎಂದು ಕೇಳಿದರೆ, "ಅದರ ಕೆಳಗೆ ಯಾರೋ ಇದ್ದಾರೆ ಕಣೋ, ತುಳಿಯಬೇಡ" ಎನ್ನುವರು. ನಾವು ನಗುತ್ತಿದ್ದೆವು. ಮುಂದೆ ನಾಲ್ಕು ಶ್ಲೋಕ ಬಾಯಿಗೆ ಬಂದ ಮೇಲಂತೂ ಅದನ್ನು ಹೆಂಗಸರ ಮೌಢ್ಯವೆಂದು ತರ್ಕಸಹಿತವಾಗಿ ಅವರಿಗೇ ವಿವರಿಸಿದ್ದುಂಟು. ಅವರು ಪ್ರತಿಯಾಗಿ ಏನೂ ಹೇಳಲಿಲ್ಲ.

ಕಳೆದ ಮಾಘಮಾಸದಲ್ಲಿ, ನಲ್ಲಿಯ ನೀರು ಬಂದು ಎಷ್ಟೋ ವರ್ಷಗಳಾಗಿ ಬಳಕೆ ತಪ್ಪಿದ ಆ ಬಾವಿಗೆ ಮುಚ್ಚಿಗೆ ಹಾಕಿಸಿ ಸುತ್ತಲೂ ನೆಲವನ್ನು ಸಮ ಮಾಡಿಸಬೇಕೆಂದು ಗಾರೆಯವನನ್ನು ಕರೆಯಿಸಿದೆವು. ಅವನೂ ಅವನ ಆಳೂ ಸೇರಿ ಹಾರೆ ಹಾಕಿ ಕಲ್ಲನ್ನು ಮಗುಚಿದರು. ಮಣ್ಣು ತೊಳೆದು ನೋಡಿದರೆ, ಅದೊಂದು ವೀರಗಲ್ಲು! ಮೂರು ಮೊಳದ ಕಲ್ಲು. ಮೂರು ಅಂತಸ್ತುಗಳಲ್ಲಿ ಚಿತ್ರಗಳು. ಅಂತಸ್ತುಗಳ ನಡುವಿನ ಎರಡು ಪಟ್ಟಿಗಳಲ್ಲಿ ಅಕ್ಷರಗಳು. ಬಲಗಡೆಯ ಕೆಳಮೂಲೆ ಮಾತ್ರ ಒಡೆದಿದ್ದಿತು. ಅದನ್ನು ಒಡೆದವರಾರೆಂಬುದನ್ನು ಮುಂದೆ ಹೇಳುವೆವು. ನಮ್ಮ ಮನೆಯವರು ಹಿತ್ತಿಲ ಬಾಗಿಲಿನಲ್ಲಿ ನಿಂತು ನೋಡಿ, "ಅಯ್ಯೋ, ಇಷ್ಟು ವರ್ಷ ಇವನ ಬೆನ್ನ ಮೇಲೆ ಬಟ್ಟೆ ಕುಟ್ಟಿದೆವಲ್ಲಾ!" ಎಂದು ಕೆನ್ನೆಗೆ ಕೈ ಹಚ್ಚಿಕೊಂಡರು.

ಗಾರೆಯವನು ನಮ್ಮ ಕಡೆ ತಿರುಗಿ, "ಮೇಷ್ಟ್ರೇ, ಏನು ಬರೆದಿದೆ ಓದಿ" ಎಂದನು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟವರು ನಾವು. ಬಗ್ಗಿ ನೋಡಿದೆವು, ಕನ್ನಡಕವನ್ನು ಒರೆಸಿಕೊಂಡು ಮತ್ತೆ ನೋಡಿದೆವು. ಒಂದಕ್ಷರವೂ ಹತ್ತಲಿಲ್ಲ. "ಹಳೆಯ ಲಿಪಿಯಪ್ಪಾ" ಎಂದು ಗಂಭೀರವಾಗಿ ಹೇಳಿ ಒಳಗೆ ಬಂದುಬಿಟ್ಟೆವು. ಕಾಳಿದಾಸನ ಉಜ್ಜಯಿನಿಯ ಬೀದಿಗಳನ್ನು ತರಗತಿಯಲ್ಲಿ ವರ್ಣಿಸಿದ ನಮಗೆ ನಮ್ಮ ಹಿತ್ತಿಲಿನ ಕಲ್ಲು ಅಪರಿಚಿತವಾಗಿತ್ತು. ಕೆಲಸವನ್ನು ಎರಡು ದಿನ ನಿಲ್ಲಿಸೆಂದು ಗಾರೆಯವನಿಗೆ ಹೇಳಿ, ಸುತ್ತಮುತ್ತಣ ಕಲ್ಲುಗಳನ್ನೂ ದೇಗುಲಗಳನ್ನೂ ಒಂದು ದಿನವಾದರೂ ನೋಡಿ ಬರಬೇಕೆಂದು ನಿಶ್ಚಯಿಸಿದೆವು. ಬಿ. ಎಲ್. ರೈಸ್ ಮಹಾಶಯರು ೧೯೦೧ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವು ನಮ್ಮ ಈ ಕಡೂರು ಸೀಮೆಯ ಶಾಸನಗಳದೇ. ಅದರ ಕೆಲವು ಪುಟಗಳ ನಕಲು ಸ್ನೇಹಿತರೊಬ್ಬರು ಎಂದೋ ಕೊಟ್ಟದ್ದು ಪೆಟ್ಟಿಗೆಯಲ್ಲಿದ್ದಿತು. ಅದನ್ನು ಕೈಚೀಲಕ್ಕೆ ಹಾಕಿಕೊಂಡೆವು.

ಕಾರಿಗೆ ನಮ್ಮ ಹಳೆಯ ಶಿಷ್ಯನೊಬ್ಬನನ್ನು ಹೇಳಿದೆವು. ಸಂಸ್ಕೃತದಲ್ಲಿ ಅವನು ಎರಡು ಸಲ ತಪ್ಪಿದವನು; ರಾಮಶಬ್ದವನ್ನು ದಾಟಿ ಮುಂದೆ ಹೋದವನಲ್ಲ. ಈಗ ಸ್ವಂತ ಬಾಡಿಗೆ ಕಾರಿಟ್ಟುಕೊಂಡು ಚೆನ್ನಾಗಿದ್ದಾನೆ. ಬೆಳಗ್ಗೆ ಆರು ಗಂಟೆಗೆ ಬಾಗಿಲಲ್ಲಿ ಬಂದು ನಿಂತನು. ನಮ್ಮ ಮನೆಯವರು ಚಿತ್ರಾನ್ನ ಮೊಸರನ್ನಗಳ ಬುತ್ತಿಯನ್ನು ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟರು.

ಊರು ಬಿಟ್ಟು ಸ್ವಲ್ಪ ದೂರ ಹೋಗುವುದರೊಳಗೆ ಒಂದು ಕೆರೆಯ ಏರಿಯ ಬದಿಯಲ್ಲಿ ಕಾರು ನಿಂತಿತು. "ಒಂದ್ ನಿಮಿಷ ಇರಿ ಮೇಷ್ಟ್ರೇ" ಎಂದು ಅವನು ಇಳಿದು, ಚಪ್ಪಲಿ ಬಿಟ್ಟು, ಬೇವಿನ ಮರದ ಕೆಳಗೆ ಅರ್ಧ ಹೂತಿದ್ದ ಎರಡು ಕಲ್ಲುಗಳ ಮುಂದೆ ನಿಂತು ಕೈ ಮುಗಿದನು. ಕಲ್ಲಿಗೆ ಕುಂಕುಮ, ಎಣ್ಣೆ, ಒಣಗಿದ ಹೂವು. ಈ ದಾರಿಯಲ್ಲಿ ನಾವು ನೂರಾರು ಸಲ ಬಸ್ಸಿನಲ್ಲಿ ಓಡಾಡಿದ್ದರೂ ಆ ಕಲ್ಲುಗಳನ್ನು ಕಂಡ ನೆನಪಿಲ್ಲ. "ಯಾರಪ್ಪ ಇವರು?" ಎಂದೆವು. "ನಮ್ಮ ಈರಗಾರರು ಮೇಷ್ಟ್ರೇ. ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತೋರು ಅಂತ ನಮ್ಮಜ್ಜ ಹೇಳ್ತಿದ್ದ. ಹೊಸ ಗಾಡಿ ತಂದ್ರೆ ಮೊದಲು ಇಲ್ಲಿಗೇ ತರೋದು."

ಅವನ ಅಜ್ಜ ಹೇಳಿದುದು ಶಾಸ್ತ್ರಸಮ್ಮತವಾದ ಮಾತೇ ಆಗಿದ್ದಿತು. ವೀರಗಲ್ಲಿನ ಕ್ರಮವನ್ನು ಬಲ್ಲವರು ಹೇಳುವುದು ಹೀಗೆ: ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೆ ಒಯ್ಯುವುದು, ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಲಾಸದಲ್ಲಿ ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು, ಎಂದರೆ ಅವರಿರುವತನಕ ಇವನ ಕೀರ್ತಿಯೂ ಇರಲೆಂದು. ಕಾಳಗವೆಂದರೆ ಎಲ್ಲವೂ ಅರಸರ ಯುದ್ಧವಲ್ಲ. ಊರಿನ ದನಗಳನ್ನು ಕಳ್ಳರೋ ನೆರೆನಾಡಿನವರೋ ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಮರಳಿ ತಂದು ಮಡಿದವರ ಕಲ್ಲುಗಳೇ ಬಹಳ. ಅದಕ್ಕೆ ತುರುಗೊಳ್ ಎಂದು ಹೆಸರು. ತುರು ಎಂದರೆ ದನ. ಅಂತಹ ಕಲ್ಲಿನ ಕೆಳಗಿನ ಅಂತಸ್ತಿನಲ್ಲಿ ಬಿಲ್ಲುಗಾರನ ಹಿಂದೆ ದನಗಳ ತಲೆಗಳು ಸಾಲಾಗಿ ಕಾಣುವುವು. ನಮ್ಮ ಸೀಮೆಗಂತೂ ದನವೇ ಐಶ್ವರ್ಯ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಕರೆಯಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ತಳಿಯ ಸಂವರ್ಧನ ಕೇಂದ್ರವು ನಮ್ಮ ಅಜ್ಜಂಪುರದಲ್ಲಿ ೧೯೨೯ರಲ್ಲಿ ಆರಂಭವಾದುದನ್ನು ವಾಚಕರಲ್ಲಿ ಹಲವರು ಬಲ್ಲರು. ಆ ಉದ್ದಕೊಂಬಿನ ದನಗಳನ್ನು ನೋಡಿದವರಿಗೆ, ಇವಕ್ಕಾಗಿ ಪ್ರಾಣ ಕೊಟ್ಟವರಿದ್ದರೆಂದರೆ ಆಶ್ಚರ್ಯವಾಗದು.

ಆಸಂದಿಗೆ ಹೋಗಬೇಕೆಂದು ಆಸೆಯಿದ್ದಿತು. ಹೊಯ್ಸಳರ ಕೈಕೆಳಗೆ ಗಂಗವಂಶದ ನಾಯಕರು ಆಳುತ್ತಿದ್ದ ಆಸಂದಿನಾಡಿಗೆ ಅದೇ ಮುಖ್ಯಸ್ಥಾನ. ಆದರೆ ಒಂದೇ ದಿನದಲ್ಲಿ ಎಲ್ಲವನ್ನೂ ನುಂಗಲಾಗದೆಂದು ಅದನ್ನು ಬಿಟ್ಟು, ಬೀರೂರಿನ ಮೇಲೆ ಕಡೂರಿಗೆ ಹೋದೆವು.

ಕಡೂರಿನಲ್ಲಿ ನಾವು ನೋಡಬೇಕೆಂದುದು ಹಳೆಯ ಕೋಟೆಯ ಭಾಗದ ಒಂದು ಶಾಸನಸ್ತಂಭವನ್ನು. ದೊಡ್ಡ ಗುಡಿಯಿಲ್ಲ, ಗೋಪುರವಿಲ್ಲ. ಒಂದು ಕಂಬ, ಅದರ ಮೇಲೆ ಬರಹ. ರೈಸ್ ಮಹಾಶಯರ ಸಂಪುಟದಲ್ಲಿ ಕಡೂರು ತಾಲ್ಲೂಕಿನ ಮೊದಲನೆಯ ಶಾಸನವೇ ಇದು. ಇದರ ಕಾಲ ಕ್ರಿ. ಶ. ೯೭೧. ಪಾಂಬಬ್ಬೆ ಎಂಬ ರಾಜವಂಶದ ಸ್ತ್ರೀ, ಗಂಗರ ಬೂತುಗನ ಅಕ್ಕ, ತಲೆಗೂದಲನ್ನು ಕಿತ್ತು ಜಿನದೀಕ್ಷೆಯನ್ನು ಹೊಂದಿ, ೩೦ ವರ್ಷ ತಪಸ್ಸು ಮಾಡಿ ದೇಹವನ್ನು ಬಿಟ್ಟಳೆಂದು ಅದು ಹೇಳುತ್ತದೆ.

ಈ ಬೂತುಗನ ಹೆಸರು ಇನ್ನೊಂದು ಪ್ರಸಿದ್ಧವಾದ ಕಲ್ಲಿನಲ್ಲಿಯೂ ಬರುತ್ತದೆ. ಮಂಡ್ಯದ ಕಡೆಯ ಆತಕೂರಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದಕ್ಕಾಗಿ ನಿಲ್ಲಿಸಿದ ಕಲ್ಲು ಅದು, ಅಕ್ಕನ ಕಂಬಕ್ಕಿಂತ ಇಪ್ಪತ್ತು ವರ್ಷ ಹಿಂದಿನದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೂ ಕಲ್ಲು ನಿಲ್ಲಿಸುವ ಕೃತಜ್ಞತೆ ಆ ಜನಕ್ಕೆ ಇದ್ದಿತು.

ನಾವು ಆ ಕಂಬದ ಮುಂದೆ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಂತೆವು. ಮೂವತ್ತು ವರ್ಷವೆಂಬ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು. ನಮ್ಮ ಅತ್ತೆಗೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆ, ಹನ್ನೆರಡರಲ್ಲಿ ವೈಧವ್ಯ. ಅದು ೧೯೨೫ರ ಸುಮಾರು. ತೀರಿಕೊಂಡುದು ೧೯೮೫ರಲ್ಲಿ. ನಡುವಣ ಅರುವತ್ತು ವರ್ಷ ಅವರ ತಲೆಯ ಮೇಲೆ ಕೂದಲು ಬೆಳೆಯಗೊಡಲಿಲ್ಲ. ತಿಂಗಳಿಗೊಮ್ಮೆ ಕ್ಷೌರಿಕನು ಹಿತ್ತಿಲ ಬಾಗಿಲಿನಿಂದ ಬರುವನು. ಮಕ್ಕಳಾದ ನಮ್ಮನ್ನು ಆಗ ಬೀದಿಗೆ ಕಳುಹಿಸಿಬಿಡುವರು. ಒಪ್ಪೊತ್ತು ಊಟ, ಕೆಂಪು ಸೀರೆ, ಮನೆಮಂದಿಗೆಲ್ಲ ಅಡಿಗೆ, ಬಾಣಂತಿಯರ ಆರೈಕೆ. ಪಾಂಬಬ್ಬೆಯ ಎರಡರಷ್ಟು ಕಾಲ. ಆದರೆ ರಾಜಪುತ್ರಿಯು ತಾನಾಗಿ ಕೇಶವನ್ನು ಕಿತ್ತುಕೊಂಡಳು. ನಮ್ಮತ್ತೆಯನ್ನು ಯಾರೂ ಕೇಳಲಿಲ್ಲ. ಇವೆರಡನ್ನೂ ತಪಸ್ಸೆಂಬ ಒಂದೇ ಶಬ್ದದಿಂದ ಕರೆಯುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿತ್ತು. ಹಾಗೆ ಕರೆದುಬಿಟ್ಟರೆ ಮಿಕ್ಕವರ ಮನಸ್ಸು ಹಗುರವಾಗುತ್ತಿತ್ತೆಂದು ಈಗ ನಮಗೆ ತೋರುತ್ತದೆ. ಅವರ ಹೆಸರನ್ನು ಮನೆಯಲ್ಲಿ ಯಾರೂ ಕರೆದುದನ್ನು ನಾವು ಕೇಳಿರಲಿಲ್ಲ. ಎಲ್ಲರಿಗೂ ಅತ್ತೆ, ಇಲ್ಲವೆ ಅಕ್ಕ. ಅವರ ಉತ್ತರಕ್ರಿಯೆಯ ಸಂಕಲ್ಪದಲ್ಲಿ ಪುರೋಹಿತರು ಹೆಸರೇನೆಂದು ಕೇಳಿದಾಗ ನಮ್ಮ ತಂದೆಯವರು ಒಂದು ಕ್ಷಣ ಯೋಚಿಸಿ ಹೇಳಿದರು. ಇಪ್ಪತ್ತು ವರ್ಷದವರಾಗಿದ್ದ ನಮಗೆ ಅದು ತಿಳಿದುದು ಆಗಲೇ.

"ಬಿಸಿಲು ಏರ್ತಾ ಇದೆ ಮೇಷ್ಟ್ರೇ" ಎಂದು ಶಿಷ್ಯನು ಎಚ್ಚರಿಸಿದನು.

ಬಂದ ದಾರಿಯಲ್ಲೇ ಬೀರೂರಿಗೆ ಹಿಂತಿರುಗಿ, ಅಲ್ಲಿಂದ ತರೀಕೆರೆ, ತರೀಕೆರೆಯಿಂದ ಅಮೃತಾಪುರ. ತೆಂಗು ಅಡಿಕೆಯ ತೋಟಗಳ ನಡುವೆ ಹೋದರೆ ದೇವಾಲಯವು ಥಟ್ಟನೆ ಎದುರಿಗೆ ನಿಲ್ಲುತ್ತದೆ. ಬೇಲೂರು ಹಳೇಬೀಡುಗಳಂತೆ ಇಲ್ಲಿ ಜನಜಂಗುಳಿಯಿಲ್ಲ. ಅಂಗಳದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿ ಗುರುಶಿಷ್ಯರಿಬ್ಬರೂ ಹಂಚಿಕೊಂಡು ಉಂಡೆವು.

ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ೧೧೯೬ರಲ್ಲಿ ಇದನ್ನು ಕಟ್ಟಿಸಿದನು. ಒಂದೇ ಗರ್ಭಗುಡಿ, ಅದರ ಮುಂದೆ ಮುಚ್ಚಿದ ಮಂಟಪ, ಅದರ ಮುಂದೆ ವಿಶಾಲವಾದ ತೆರೆದ ಮಂಟಪ. ಕಡೆದು ನುಣುಪು ಮಾಡಿದ ಕಂಬಗಳು ಎಂಟುನೂರು ವರ್ಷಗಳ ಮೇಲೂ ಮುಖ ಕಾಣುವಷ್ಟು ಹೊಳೆಯುತ್ತವೆ. ತಲೆಯೆತ್ತಿದರೆ ಆಳವಾದ ಗುಮ್ಮಟದಂತಹ ಭುವನೇಶ್ವರಿಗಳು, ಒಂದರ ಹೂವಿನಂತೆ ಇನ್ನೊಂದರದಿಲ್ಲ. ಇವುಗಳಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನು ತನ್ನ ಕಸಬನ್ನು ಆರಂಭಿಸಿದುದೇ ಇಲ್ಲಿ ಎನ್ನುತ್ತಾರೆ. ೧೨೫೮ರಲ್ಲಿ ಪ್ರತಿಷ್ಠಿತವಾದ ಸೋಮನಾಥಪುರದ ದೇವಾಲಯದಲ್ಲಿಯೂ ಹಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ. ಇಲ್ಲಿ ಉಳಿ ಹಿಡಿದಾಗ ಎಳೆಯ ಹುಡುಗನಾಗಿದ್ದಿರಬೇಕು.

ತೆರೆದ ಮಂಟಪದ ಹೊರಗಿನ ಜಗಲಿಯ ಗೋಡೆಯ ಸುತ್ತಲೂ ೧೪೦ ಚಿತ್ರಫಲಕಗಳು. ದಕ್ಷಿಣಕ್ಕೆ ೭೦ರಲ್ಲಿ ರಾಮಾಯಣ. ಉತ್ತರಕ್ಕೆ ೨೫ರಲ್ಲಿ ಕೃಷ್ಣನ ಕಥೆ, ೪೫ರಲ್ಲಿ ಭಾರತ. ನಾವು ರೂಢಿಯಂತೆ ಪ್ರದಕ್ಷಿಣೆಯಾಗಿ ಹೊರಟು ದಕ್ಷಿಣದ ಗೋಡೆಯನ್ನು ನೋಡುತ್ತಾ ಹೋದರೆ ಕಥೆಯೇ ಹತ್ತಲಿಲ್ಲ. ಯುದ್ಧ ಮೊದಲು, ವನವಾಸ ಆಮೇಲೆ! ಶಿಲ್ಪಿಗಳು ತಪ್ಪಿದರೆಂದು ತೀರ್ಮಾನಿಸಿ ಶಿಷ್ಯನಿಗೆ ಅದನ್ನು ಹೇಳಿಯೂ ಬಿಟ್ಟೆವು. ಅವನು ಇನ್ನೊಂದು ತುದಿಯಿಂದ ನೋಡುತ್ತಾ ಬರುತ್ತಿದ್ದವನು, "ಇಲ್ಲ ಮೇಷ್ಟ್ರೇ, ಈ ಕಡೆಯಿಂದ ಬನ್ನಿ, ಎಲ್ಲ ಸರಿಯಾಗಿದೆ" ಎಂದನು. ನಿಜವೇ. ಇಲ್ಲಿ ರಾಮಾಯಣವು ಅಪ್ರದಕ್ಷಿಣವಾಗಿ ನಡೆಯುತ್ತದೆ. ಉತ್ತರದ ಭಾರತವು ಪ್ರದಕ್ಷಿಣವಾಗಿ. ಎಂದರೆ ಎರಡೂ ಕಥೆಗಳು ಪಡುವಣಿಂದ ಮೂಡಣಕ್ಕೆ ಜೊತೆಜೊತೆಯಾಗಿ ಸಾಗುತ್ತವೆ. ಹೀಗೇಕೆ ಮಾಡಿದರೆಂದು ಪಂಡಿತರು ಹೇಳಲಿ. ನಾವು ತಪ್ಪು ತುದಿಯಿಂದ ಓದಿ ಬರೆದವನನ್ನು ದೂರಿದ್ದೆವು, ಅಷ್ಟೆ. ತರಗತಿಯಲ್ಲಿ ಎಷ್ಟು ಮಕ್ಕಳ ಉತ್ತರಪತ್ರಿಕೆಗಳಿಗೆ ಹೀಗಾಯಿತೋ!

ದೇವಾಲಯದ ಬಳಿಯ ಶಿಲಾಶಾಸನವನ್ನು ನೋಡಲೆಂದೇ ಮುಖ್ಯವಾಗಿ ಬಂದುದು. ಎತ್ತರವಾದ ಕಲ್ಲು, ಒತ್ತೊತ್ತಾಗಿ ಸಾಲುಗಳು. ಇದನ್ನು ೧೧೯೭ರಲ್ಲಿ ರಚಿಸಿದವನು ಕವಿ ಜನ್ನ. ಅವನು ಯಶೋಧರಚರಿತೆಯನ್ನು ಬರೆದುದು ೧೨೦೯ರಲ್ಲಿ, ಇದಾದ ಹನ್ನೆರಡು ವರ್ಷಗಳ ಮೇಲೆ. ಜೈನಕವಿಯು ಶಿವಾಲಯಕ್ಕೆ ಶಾಸನವನ್ನು ಬರೆದುಕೊಟ್ಟನು. ಬರೆಸಿದವನಿಗೂ ಬರೆದವನಿಗೂ ಅದರಲ್ಲಿ ಸಂಕೋಚವೇನೂ ಇದ್ದಂತೆ ಕಾಣಲಿಲ್ಲ.

ಮಧ್ಯಾಹ್ನದಲ್ಲಿ ಆ ಕಲ್ಲು ಬರಿಯ ಬೂದುಬಣ್ಣದ ಚಪ್ಪಡಿಯಂತಿದ್ದಿತು. ನಾವು ನಿರಾಶರಾಗಿ ಕುಳಿತೆವು. ನಾಲ್ಕು ಗಂಟೆಯಾಗಿ ಬಿಸಿಲು ಓರೆಯಾಗುತ್ತಲೂ ಒಂದೊಂದೇ ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿಕೊಂಡು ಸಾಲುಗಳು ಎದ್ದು ನಿಂತುವು. ಕೈಯಲ್ಲಿದ್ದ ಅಚ್ಚಿನ ಪಾಠದೊಡನೆ ಹೋಲಿಸುತ್ತಾ ಹೋದೆವು. ಹೊಯ್ಸಳರ ಕಾಲದ ಲಿಪಿಯು ಇಂದಿನದಕ್ಕೆ ಬಹಳ ದೂರವಲ್ಲ. ತಲೆಕಟ್ಟುಗಳು ಬೇರೆ, ಒತ್ತುಗಳು ಕೊಂಚ ಬೇರೆ. ಮ, ಗ, ತ ಮೊದಲು ಪರಿಚಯವಾದುವು. ಇಂದಿನ ಬರಹದಿಂದ ಬಿಟ್ಟುಹೋಗಿರುವ ಶಕಟರೇಫೆಯನ್ನು, ವ್ಯಾಕರಣದ ಪುಸ್ತಕದಲ್ಲಿ ಮಾತ್ರ ನೋಡಿದ್ದ ಆ ಱ ಅಕ್ಷರವನ್ನು, ಕಲ್ಲಿನ ಮೇಲೆ ಗುರುತಿಸಿದಾಗ ಬಾಲ್ಯದಲ್ಲಿ ಮೊದಲ ಸಲ ಅಂಗಡಿಯ ಹಲಗೆಯನ್ನು ಓದಿದಷ್ಟು ಸಂತೋಷವಾಯಿತು. ದಾನಶಾಸನಗಳ ತುದಿಯಲ್ಲಿ ವಾಡಿಕೆಯಾಗಿ ಬರುವ ಶಾಪವಾಕ್ಯವನ್ನು ಶಿಷ್ಯನಿಗೆ ವಿವರಿಸಿದೆವು: ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನು. "ಕಲ್ಲನ್ನೇ ಒಡೆದೋರಿಗೆ ಎಷ್ಟು ವರ್ಷ ಮೇಷ್ಟ್ರೇ?" ಎಂದು ಅವನು ಸುಮ್ಮನೆ ಕೇಳಿದನು. ಅವನಿಗೆ ಏನೂ ತಿಳಿದಿರಲಿಲ್ಲ. ನಾವು ಪುಟಗಳನ್ನು ಮಡಿಸಿ ಚೀಲಕ್ಕೆ ಹಾಕಿ, ಹೊರಡೋಣವೆಂದೆವು.

ಮನೆಗೆ ಬರುವಾಗ ಕತ್ತಲೆಯಾಗಿದ್ದಿತು. ಕೈಕಾಲು ತೊಳೆದವರೇ ನೇರವಾಗಿ ಹಿತ್ತಿಲಿಗೆ ಹೋದೆವು. ಓರೆಬೆಳಕಿನ ಉಪಾಯವು ಈಗ ತಿಳಿದಿದ್ದಿತಷ್ಟೆ. ಶಿಷ್ಯನಿಗೆ ಅವನ ಮೊಬೈಲಿನ ದೀಪವನ್ನು ಕಲ್ಲಿನ ಪಕ್ಕಕ್ಕೆ ನೆಲಮಟ್ಟದಲ್ಲಿ ಹಿಡಿಯಹೇಳಿದೆವು. ಕೆಳಗಿನ ಅಂತಸ್ತಿನಲ್ಲಿ ಬಿಲ್ಲುಗಾರನೊಬ್ಬ, ಅವನ ಹಿಂದೆ ದನಗಳ ಮೂರು ತಲೆಗಳು. ಮೇಲಿನ ಪಟ್ಟಿಯಲ್ಲಿ ಬಹಳ ಹೊತ್ತಿನ ಮೇಲೆ ಎರಡು ಮಾತುಗಳು ಸಿಕ್ಕಿದುವು: 'ತುಱುವಂ ಮಗುಳ್ಚಿ'. ದನಗಳನ್ನು ಹಿಂದಿರುಗಿಸಿ ತಂದು, ಎಂದರ್ಥ. ನಮ್ಮ ಮನೆಯವರೂ ಬಂದು ಪಕ್ಕದಲ್ಲಿ ಕುಳಿತರು. ಕೆಳಗಿನ ಪಟ್ಟಿಯ ಮೊದಲ ಅಕ್ಷರಗಳು ಸವೆದಿದ್ದುವು. ಆಮೇಲೆ 'ಗವುಡನ ಮಗಂ' ಎಂದು ಸ್ಪಷ್ಟವಾಗಿದ್ದಿತು. ಅದರ ಮುಂದೆ ಹೆಸರಿರಬೇಕು. ಅದರ ಮುಂದೆ ಕಲ್ಲಿರಲಿಲ್ಲ.

೧೯೯೬ರಲ್ಲಿ ಬಚ್ಚಲಿನ ನೀರು ಹೋಗುವ ಕಾಲುವೆಗೆ ಸಿಮೆಂಟು ಹಾಕಿಸುವಾಗ ಈ ಕಲ್ಲಿನ ಮೂಲೆ ಅಡ್ಡ ಬರುತ್ತಿದ್ದಿತು. ಅತ್ತೆ ತೀರಿಹೋಗಿ ಹನ್ನೊಂದು ವರ್ಷವಾಗಿದ್ದಿತು. ಕೆಲಸದವನು, "ಕಲ್ಲು ಸರಿಸಬೇಕಾದರೆ ಇನ್ನೊಂದು ಆಳು ಬೇಕು, ಮೂಲೆ ಹೊಡೆದುಬಿಡಲೇ?" ಎಂದು ನಮ್ಮನ್ನೇ ಕೇಳಿದನು. ಅತ್ತೆಯ ಮಾತು ಆಗ ನೆನಪಿಗೆ ಬಾರದೆ ಇರಲಿಲ್ಲ. ಒಂದು ಆಳಿನ ಕೂಲಿ ಉಳಿಯಿತೆಂದು, "ಹೊಡೆದುಬಿಡು" ಎಂದೆವು. ಆ ಚಕ್ಕೆಗಳು ಬಚ್ಚಲ ಮನೆಯ ತಳಪಾಯದಲ್ಲಿ ಎಲ್ಲಿಯೋ ಸೇರಿಹೋಗಿವೆ.

ಇದನ್ನು ಅಲ್ಲಿಯೇ ಇಬ್ಬರಿಗೂ ಹೇಳಿದೆವು. ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು, "ಅತ್ತೆಯವರಿಗೆ ಹೇಗೆ ಗೊತ್ತಿತ್ತೋ" ಎಂದರು. ಶಿಷ್ಯನು ದೀಪವನ್ನು ಆರಿಸಿ, "ಹೆಸರಿಲ್ಲದಿದ್ರೂ ನಡೆಯುತ್ತೆ ಮೇಷ್ಟ್ರೇ, ನಮ್ಮ ಈರಗಾರರ ಹೆಸರು ಯಾರಿಗೆ ಗೊತ್ತು?" ಎಂದನು. ಸಮಾಧಾನಕ್ಕಾಗಿ ಹೇಳಿದ ಮಾತು. ಆದರೆ ಅವರ ಹೆಸರನ್ನು ಅವನು ಒಡೆಸಿರಲಿಲ್ಲ.

ಮರುದಿನ ಗಾರೆಯವನು ಬಂದನು. ಬಾವಿಯ ಪಕ್ಕದಲ್ಲಿ ಅತ್ತೆ ನೆಟ್ಟ ಪಾರಿಜಾತದ ಗಿಡ ಈಗ ಮರವಾಗಿದೆ. ಅದರ ಕೆಳಗೆ ಮೂಡಣಕ್ಕೆ ಮುಖ ಮಾಡಿ ಕಲ್ಲನ್ನು ನಿಲ್ಲಿಸುವುದೆಂದು ಗೊತ್ತಾಯಿತು. ಕಲ್ಲಿನ ಚಿತ್ರವನ್ನು ತೆಗೆಯಿಸಿ ಶಾಸನಗಳನ್ನು ಬಲ್ಲವರಿಗೆ ತೋರಿಸಲು ಇಟ್ಟುಕೊಂಡಿದ್ದೇವೆ. ಸವೆದ ಅಕ್ಷರಗಳಲ್ಲಿ ತಂದೆಯ ಹೆಸರಾದರೂ ಅವರಿಗೆ ಸಿಕ್ಕೀತೆಂದು ಆಸೆ. ಗಾರೆಯವನು ಗುಂಡಿ ತೋಡಿ ಅಳತೆ ನೋಡಿ, "ಒಂದು ಮೊಳ ಹೂತುಬಿಡೋಣ ಮೇಷ್ಟ್ರೇ. ಕಲ್ಲು ಗಟ್ಟಿಯಾಗಿಯೂ ನಿಲ್ಲುತ್ತೆ, ಒಡೆದ ಮೂಲೆಯೂ ಕಾಣಿಸೋದಿಲ್ಲ" ಎಂದನು. ಒಂದು ಮೊಳ ಹೂತರೆ ದನಗಳೂ ಮಣ್ಣಿನೊಳಗೆ ಹೋಗುತ್ತಿದ್ದುವು. ಕೆಳಗೆ ಸಿಮೆಂಟಿನ ಪೀಠ ಕಟ್ಟಿ ಮೂಲೆ ಕಾಣುವಂತೆಯೇ ನಿಲ್ಲಿಸೆಂದೆವು. ಅದಕ್ಕೆ ಇನ್ನೊಂದು ಆಳು ಬೇಕಾಯಿತು.